ಎರಡು ವರ್ಷದ ಮಗು, ಎಎಚ್‌ಐ 12: ಒಂದು ನಿದ್ದೆ ವರದಿಯನ್ನು ಬಿಡಿಸಿ ಓದಿದ್ದು

ವರದಿಯ ಮೊದಲ ಪುಟದಲ್ಲಿ ದಪ್ಪ ಅಕ್ಷರದ ಎರಡು ಸಾಲು ಇದ್ದವು. ಒಂದು, ಎಎಚ್‌ಐ 12, ಅಂದರೆ ನಿದ್ದೆಯಲ್ಲಿ ಗಂಟೆಗೆ 12 ಸಲ ಉಸಿರಿಗೆ ತಡೆ. ಅದರ ಕೆಳಗೆ ‘ಮೈಲ್ಡ್ ಸ್ಲೀಪ್ ಅಪ್ನಿಯಾ’, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಸೌಮ್ಯವಾಗಿದೆ ಅಂತ. ಮಗುವಿನ ಅಪ್ಪ ಅದನ್ನು ಓದಿ ಮೊದಲು ನೆಮ್ಮದಿ ಪಟ್ಟರು, ಮೈಲ್ಡ್ ತಾನೇ ಅಂತ. ಸಂಜೆ ಮೊಬೈಲಿನಲ್ಲಿ ಹುಡುಕಿದಾಗ ಮಕ್ಕಳಲ್ಲಿ 10 ದಾಟಿದರೆ ತೀವ್ರ ಅಂತ ಸಿಕ್ಕಿತು. ಅವತ್ತು ರಾತ್ರಿ ಮನೆಯಲ್ಲಿ ಮಗು ಒಂದನ್ನು ಬಿಟ್ಟು ಯಾರೂ ಮಲಗಲಿಲ್ಲ. ಎರಡು ದಿನ ಬಿಟ್ಟು ಮಕ್ಕಳ ಡಾಕ್ಟರ್ ಅದೇ ಕಾಗದ ನೋಡಿ ‘ಮಧ್ಯಮ ಅನ್ನಬಹುದು’ ಅಂದರು. ಒಂದೇ ವರದಿ, ಮೂರು ಉತ್ತರ. ಯಾವುದನ್ನು ನಂಬಬೇಕು ಅಂತ ಕೇಳಿದರೆ ನನ್ನ ಉತ್ತರ ಮೂರನೆಯದು. ಆದರೆ ಅದು ಯಾಕೆ ಅಂತ ಹೇಳೋಕೆ ಇಡೀ ವರದಿಯನ್ನೇ ಬಿಚ್ಚಬೇಕು.

ನಾನು ಡಾಕ್ಟರ್ ಅಲ್ಲ. ನಿದ್ದೆ ಪರೀಕ್ಷೆಯ ಲ್ಯಾಬಿನಲ್ಲಿ ರಾತ್ರಿ ವೈರು ಹಚ್ಚಿ, ಬೆಳಗಾದ ಮೇಲೆ ಪರದೆಯ ಅಲೆಗಳಿಗೆ ಒಂದೊಂದಾಗಿ ಗುರುತು ಹಾಕುವ ಟೆಕ್ನಿಷಿಯನ್. ಈ ಮಗುವಿನ ಪರೀಕ್ಷೆ ನಡೆದಿದ್ದು ಬೇರೆ ಊರಿನ ಬೇರೆ ಲ್ಯಾಬಿನಲ್ಲಿ. ಅವರ ಡಾಕ್ಟರೇ ಇನ್ನೊಮ್ಮೆ ನೋಡಿ ಅಂತ ಕಳಿಸಿದ್ದರಿಂದ ಕಾಗದದ ಜೊತೆ ಇಡೀ ರಾತ್ರಿಯ ದಾಖಲೆಯೂ ನನ್ನ ಕೈಗೆ ಬಂತು. ಅಪ್ಪ ಅಮ್ಮನ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಮಗು ಹೇಗಿತ್ತು

ಹೆಣ್ಣು ಮಗು. ವಯಸ್ಸು ಎರಡು ವರ್ಷ ನಾಲ್ಕು ತಿಂಗಳು, ತೂಕ 10.2 ಕೆ.ಜಿ. ದಾವಣಗೆರೆ ಕಡೆಯ ಕುಟುಂಬ. ಒಂದು ವರ್ಷ ತುಂಬಿದಾಗಿಂದ ಗೊರಕೆ. ನೆಗಡಿ ಬಂದಾಗ ಜಾಸ್ತಿ, ಇಲ್ಲದಾಗಲೂ ಇದ್ದೇ ಇತ್ತು. ಬಾಯಿ ತೆರೆದೇ ಮಲಗುತ್ತಿದ್ದಳು, ಹಗಲಲ್ಲೂ ಬಾಯಿ ಅರ್ಧ ತೆರೆದೇ ಇರುತ್ತಿತ್ತು. ಫ್ಯಾನ್ ಕೆಳಗೆ ಮಲಗಿದ್ದರೂ ದಿಂಬು ಒದ್ದೆಯಾಗುವಷ್ಟು ತಲೆ ಬೆವರುತ್ತಿತ್ತು. ಒಂದೋ ಮಂಡಿಯೂರಿ ಕುಂಡೆ ಮೇಲೆ ಮಾಡಿ ಮಲಗೋದು, ಇಲ್ಲವೇ ಕುತ್ತಿಗೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ ಮಲಗೋದು. ಉಸಿರಿನ ದಾರಿ ಇಕ್ಕಟ್ಟಾದ ಮಕ್ಕಳು ನಿದ್ದೆಯಲ್ಲೇ ತಮಗೆ ಬೇಕಾದ ಭಂಗಿ ಹುಡುಕಿಕೊಳ್ಳುತ್ತವೆ.

ಊಟದ ವಿಷಯವನ್ನು ಯಾರೂ ಗೊರಕೆಗೆ ಜೋಡಿಸಿರಲಿಲ್ಲ. ತುತ್ತು ಬಾಯಲ್ಲಿ ಇಟ್ಟುಕೊಂಡು ಕೂರುತ್ತಾಳೆ, ಅರ್ಧ ಗಂಟೆಯಾದರೂ ಅನ್ನ ಇಳಿಯಲ್ಲ, ಆದರೆ ಬಾಟಲಿ ಹಾಲು ಎಷ್ಟು ಕೊಟ್ಟರೂ ಕುಡೀತಾಳೆ ಅಂತ ಅಮ್ಮನ ದೂರು. ಮೂಗು ಕಟ್ಟಿರುವ ಮಗು ಬಾಯಲ್ಲಿ ಉಸಿರಾಡುತ್ತಲೇ ಅಗಿಯಬೇಕು, ಎರಡೂ ಒಟ್ಟಿಗೆ ಆಗಲ್ಲ. ಹಾಲು ಸುಲಭ, ಹಾಗಾಗಿ ದಿನಕ್ಕೆ ಒಂದು ಲೀಟರ್ ಹತ್ತಿರ ಹೋಗುತ್ತಿತ್ತು. ಈ ಹಾಲಿನ ಲೆಕ್ಕ ಮುಂದೆ ಬೇರೆ ಕಡೆ ಬರುತ್ತದೆ.

ಅಜ್ಜಿಗೆ ಇದು ಕಾಯಿಲೆಯೇ ಅಲ್ಲ. ‘ಅವರಪ್ಪನೂ ಹಿಂಗೇ ಗೊರಕೆ ಹೊಡೀತಿದ್ದ, ಚೆನ್ನಾಗಿ ನಿದ್ದೆ ಬಂದ್ರೆ ಗೊರಕೆ ಬರ್ತದೆ’ ಅನ್ನುತ್ತಿದ್ದರು. ನಮ್ಮಲ್ಲಿ ಮುಕ್ಕಾಲು ಮನೆಗಳಲ್ಲಿ ಇದೇ ಮಾತು, ಬರೀ ನಮ್ಮಲ್ಲಿ ಅಂತಲೂ ಅಲ್ಲ. ಮಕ್ಕಳಿಗೂ ಸ್ಲೀಪ್ ಅಪ್ನಿಯಾ ಬರುತ್ತೆ ಅಂತ ರಾತ್ರಿಯ ದಾಖಲೆ ಸಮೇತ ತೋರಿಸಿದ್ದು 1976ರಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಗಿಲ್ಲೆಮಿನೋ ಮತ್ತು ಸಂಗಡಿಗರು, ಎಂಟೇ ಎಂಟು ಮಕ್ಕಳ ಮೇಲೆ. ಅಜ್ಜಿಗೆ ಆಗ ಮದುವೆಯಾಗಿ ಮಕ್ಕಳೂ ಆಗಿದ್ದವು.

ಎಲ್ಲ ಗೊರಕೆಯೂ ಅಪ್ನಿಯಾ ಅಲ್ಲ ಅನ್ನೋದೂ ನಿಜ. ಗೊರಕೆ ಹೊಡೆಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ಉಸಿರು ನಿಲ್ಲುವ ತೊಂದರೆ ಇರುವುದಿಲ್ಲ. ಬರೀ ಸದ್ದು ಕೇಳಿ, ಟಾನ್ಸಿಲ್ ನೋಡಿ, ಇದು ಅದೇ ಅಂತ ಖಚಿತವಾಗಿ ಹೇಳೋಕೂ ಆಗಲ್ಲ. ಅದಕ್ಕೇ ಈ ಪರೀಕ್ಷೆ.

ಪರೀಕ್ಷೆಯ ರಾತ್ರಿ

ದೊಡ್ಡವರಿಗೆ ಈಗ ಮನೆಯಲ್ಲೇ ಸಣ್ಣ ಯಂತ್ರ ಕಟ್ಟಿಕೊಂಡು ಪರೀಕ್ಷೆ ಮಾಡುವುದುಂಟು. ಮಕ್ಕಳ ರೋಗ ಗುರುತಿಸಲು ಅದನ್ನು ನೆಚ್ಚಬೇಡಿ ಅಂತ ಅಮೆರಿಕದ ನಿದ್ರಾ ವೈದ್ಯರ ಸಂಘ 2017ರಲ್ಲೇ ಹೇಳಿದೆ. ಲ್ಯಾಬಿಗೇ ಹೋಗಬೇಕು, ಅಮ್ಮ ಜೊತೆಗೇ ಮಲಗಬೇಕು. ತಲೆಗೆ ಪೇಸ್ಟ್ ಹಚ್ಚಿ ಅಂಟಿಸುವ ವೈರುಗಳು ಮೆದುಳಿನ ಅಲೆಗೆ, ಕಣ್ಣಿನ ಪಕ್ಕದವು ಕಣ್ಣಿನ ಚಲನೆಗೆ, ಗಲ್ಲ ಮತ್ತು ಕಾಲಿನವು ಸ್ನಾಯುವಿಗೆ. ಎದೆಗೊಂದು ಹೊಟ್ಟೆಗೊಂದು ಬೆಲ್ಟು. ಮೂಗಿನ ಕೆಳಗೆ ಗಾಳಿಯ ಒತ್ತಡ ಅಳೆಯುವ ಸಣ್ಣ ನಳಿಕೆ, ಅದರ ಜೊತೆ ಉಸಿರಿನ ಬಿಸಿ ಅಳೆಯುವ ಸೆನ್ಸರ್. ಕಾಲ್ಬೆರಳಿಗೆ ಆಕ್ಸಿಜನ್ ಪ್ರೋಬ್. ಇಸಿಜಿ, ಕಾರ್ಬನ್ ಡೈ ಆಕ್ಸೈಡ್ ಅಳತೆ, ಇಡೀ ರಾತ್ರಿ ವಿಡಿಯೋ.

ಎರಡು ವರ್ಷದ ಮಗು ಇದನ್ನೆಲ್ಲ ಸುಮ್ನೆ ಹಾಕಿಸಿಕೊಳ್ಳುತ್ತದಾ? ಇಲ್ಲ. ಅವತ್ತು ವಿಡಿಯೋದಲ್ಲಿ ನೋಡಿದ್ದು: ಅಮ್ಮ ಮನೆಯಿಂದ ಒಂದು ಕುಲಾವಿ ತಂದಿದ್ದರು. ತಲೆಯ ವೈರು ಅಂಟಿಸಿದ ತಕ್ಷಣ ಕುಲಾವಿ ಹಾಕಿ ಗಲ್ಲದ ಕೆಳಗೆ ಕಟ್ಟಿಬಿಟ್ಟರು, ವೈರೆಲ್ಲ ಅದರ ಹಿಂದಿನಿಂದ ಜಡೆ ಥರ ಇಳಿದವು. ಮಗುವಿನ ಕೈಗೆ ವೈರು ಸಿಗಲೇ ಇಲ್ಲ. ಲ್ಯಾಬಿನವರು ಸುತ್ತುವ ಬ್ಯಾಂಡೇಜಿಗಿಂತ ಇದು ಎಷ್ಟೋ ವಾಸಿ, ಈಗ ನಾನೂ ಮನೆಯಿಂದ ಕುಲಾವಿ ತನ್ನಿ ಅಂತ ಹೇಳುತ್ತೇನೆ. ಮೂಗಿನ ನಳಿಕೆ ಮಾತ್ರ ಉಳಿಯಲಿಲ್ಲ. ರಾತ್ರಿ 1.40ಕ್ಕೆ ಮಗು ಅದನ್ನು ಕಿತ್ತೆಸೆಯಿತು, ಟೆಕ್ನಿಷಿಯನ್ ಒಳಗೆ ಬಂದು ಮೈಕ್ರೋಪೋರ್ ಟೇಪು ಹಾಕಿ ಮತ್ತೆ ಕೂರಿಸುವಾಗ 2.10. ಈ ಅರ್ಧ ಗಂಟೆಯಲ್ಲಿ ಗಾಳಿಯ ಅಲೆ ಇಲ್ಲ, ಬೆಲ್ಟುಗಳನ್ನು ನಂಬಿ ಗುರುತು ಹಾಕಿದ್ದಾರೆ. ವರದಿಯ ಕೊನೆಯ ಪುಟದ ಟಿಪ್ಪಣಿಯಲ್ಲಿ ಅದನ್ನು ಬರೆದೂ ಇದ್ದಾರೆ. ಇಂಥ ಟಿಪ್ಪಣಿ ಇರುವ ವರದಿಯ ಮೇಲೆ ನನಗೆ ನಂಬಿಕೆ ಹೆಚ್ಚು. ಎರಡು ವರ್ಷದ ಮಗು ಇಡೀ ರಾತ್ರಿ ಒಂದೂ ವೈರು ಕೀಳಲಿಲ್ಲ ಅಂತ ಬರೆದಿದ್ದರೆ ನನಗೆ ಅನುಮಾನ ಬರುತ್ತಿತ್ತು.

ಒಟ್ಟು ದಾಖಲೆ 530 ನಿಮಿಷ, ಅದರಲ್ಲಿ ನಿದ್ದೆ 420 ನಿಮಿಷ, ಅಂದರೆ ಸರಿಯಾಗಿ 7 ಗಂಟೆ. ಮನೆಯಲ್ಲಿ ಇದಕ್ಕಿಂತ ಜಾಸ್ತಿ ಮಲಗುತ್ತಾಳೆ, ಆದರೆ ಓದೋಕೆ 7 ಗಂಟೆ ಧಾರಾಳ. ಅವತ್ತು ನೆಗಡಿ ಇರಲಿಲ್ಲ. ನೆಗಡಿ ಇದ್ದ ರಾತ್ರಿ ಮಾಡಿದ ಪರೀಕ್ಷೆ ತೊಂದರೆಯನ್ನು ಹಿಗ್ಗಿಸಿ ತೋರಿಸಬಹುದು, ಆದ್ದರಿಂದ ನೆಗಡಿ ಇದ್ದರೆ ದಿನಾಂಕ ಮುಂದಕ್ಕೆ ಹಾಕಿಸಿಕೊಳ್ಳಿ.

12 ಎಲ್ಲಿಂದ ಬಂತು

ಎಎಚ್‌ಐ ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಸಣ್ಣದಾಯಿತು ಅನ್ನುವ ಲೆಕ್ಕ. ಒಟ್ಟು 84 ಘಟನೆ, 7 ಗಂಟೆ, ಭಾಗಿಸಿದರೆ 12. ಲೆಕ್ಕ ಸರಿ. ದೊಡ್ಡವರ ಅಳತೆಯಲ್ಲಿ 5ರಿಂದ 15 ಮೈಲ್ಡ್, 15ರಿಂದ 30 ಮಧ್ಯಮ, ಅದರ ಮೇಲೆ ತೀವ್ರ. ಮಕ್ಕಳ ಅಳತೆಯೇ ಬೇರೆ. 1ರ ಒಳಗಿದ್ದರೆ ಸರಿ, 1ರಿಂದ 5 ಸೌಮ್ಯ, 5ರಿಂದ 10 ಮಧ್ಯಮ, 10 ಮತ್ತು ಮೇಲೆ ತೀವ್ರ. ಮೊದಲ ಪುಟದ ‘ಮೈಲ್ಡ್’ ಅನ್ನೋದನ್ನು ಯಾರೂ ಯೋಚಿಸಿ ಬರೆದಿದ್ದಲ್ಲ, ದೊಡ್ಡವರ ಅಳತೆಗೆ ಹೊಂದಿಸಿಟ್ಟ ಸಾಫ್ಟ್‌ವೇರ್ ತಾನೇ ಅಚ್ಚು ಹಾಕಿದ್ದು. ನಮ್ಮ ಕಡೆ ನಿದ್ದೆ ಲ್ಯಾಬುಗಳಿಗೆ ಬರುವವರು ಹೆಚ್ಚಾಗಿ ನಡುವಯಸ್ಸಿನ, ದಪ್ಪಗಿನ, ಗೊರಕೆ ಹೊಡೆಯುವ ಗಂಡಸರು. ಯಂತ್ರ ಅವರಿಗಾಗಿಯೇ ಸಿದ್ಧವಾಗಿರುತ್ತದೆ.

ಇಲ್ಲಿ ಒಂದು ವಿಷಯ ಪರಿಶೀಲಿಸಲೇಬೇಕಿತ್ತು. ಮೊದಲ ಪುಟದ ಹಣೆಪಟ್ಟಿ ದೊಡ್ಡವರದ್ದು, ಸರಿ, ಒಳಗಿನ ಗುರುತುಗಳೂ ದೊಡ್ಡವರ ನಿಯಮದಲ್ಲೇ ಹಾಕಿದ್ದಾ? ದೊಡ್ಡವರಲ್ಲಿ ಉಸಿರು ಕನಿಷ್ಠ 10 ಸೆಕೆಂಡ್ ನಿಂತರೆ ಮಾತ್ರ ಲೆಕ್ಕ. ಮಕ್ಕಳಲ್ಲಿ ಸೆಕೆಂಡ್ ಅಲ್ಲ, ಎರಡು ಉಸಿರಿನಷ್ಟು ಹೊತ್ತು ನಿಂತರೆ ಸಾಕು. ಈ ಮಗು ನಿದ್ದೆಯಲ್ಲಿ ನಿಮಿಷಕ್ಕೆ 24 ಸಲ ಉಸಿರಾಡುತ್ತಿತ್ತು, ಅಂದರೆ ಒಂದು ಉಸಿರಿಗೆ ಎರಡೂವರೆ ಸೆಕೆಂಡ್, ಎರಡು ಉಸಿರಿಗೆ 5. ಹತ್ತು ಸೆಕೆಂಡಿನ ಜರಡಿ ಹಿಡಿದಿದ್ದರೆ 5ರಿಂದ 9 ಸೆಕೆಂಡಿನ ತಡೆಗಳೆಲ್ಲ ಸೋರಿ ಹೋಗಿ ಎಎಚ್‌ಐ 3 ಅಥವಾ 4 ಬಂದುಬಿಡುತ್ತಿತ್ತು. ಅಲೆ ತೆಗೆದು ನೋಡಿದೆ, 6 ಸೆಕೆಂಡಿನವಕ್ಕೂ ಗುರುತು ಇತ್ತು. ಒಳಗಿನ ಕೆಲಸ ಮಕ್ಕಳ ನಿಯಮದಲ್ಲೇ ಆಗಿತ್ತು. ನಿಮ್ಮ ಮಗುವಿನ ವರದಿ ಬಂದಾಗ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಮಕ್ಕಳ ನಿಯಮದಲ್ಲಿ ಸ್ಕೋರ್ ಮಾಡಿದ್ದೀರಾ?

ಹಾಗಾದರೆ ಮಕ್ಕಳ ಅಳತೆಯಲ್ಲಿ 12 ಅಂದರೆ ತೀವ್ರ ತಾನೇ, ಅಪ್ಪ ಮೊಬೈಲಲ್ಲಿ ನೋಡಿದ್ದು ಸರಿಯಲ್ವಾ? ಅದೂ ಅಲ್ಲ. ಆ 84ರಲ್ಲಿ ಎರಡು ಬೇರೆ ಬೇರೆ ಜಾತಿಯ ಘಟನೆಗಳು ಸೇರಿಕೊಂಡಿವೆ.

ಒಂದು, ದಾರಿ ಕಟ್ಟಿಕೊಂಡಿದ್ದು. ಎದೆ ಹೊಟ್ಟೆ ಎಳೆದಾಡುತ್ತಿವೆ, ಮೂಗಲ್ಲಿ ಗಾಳಿ ಬರುತ್ತಿಲ್ಲ. ಇದು ಅಬ್‌ಸ್ಟ್ರಕ್ಟಿವ್. ಇನ್ನೊಂದು, ಮೆದುಳೇ ಒಂದೆರಡು ಉಸಿರು ಬಿಟ್ಟುಕೊಟ್ಟಿದ್ದು. ಗಾಳಿಯೂ ಇಲ್ಲ, ಎದೆಯ ಪ್ರಯತ್ನವೂ ಇಲ್ಲ, ಎರಡೂ ಬೆಲ್ಟಿನ ಗೆರೆ ನೆಟ್ಟಗೆ. ಇದು ಸೆಂಟ್ರಲ್. ವರದಿಯ ಮೂರನೇ ಪುಟದ ಸಣ್ಣ ಕೋಷ್ಟಕದಲ್ಲಿ ಇದೆಲ್ಲ ಇತ್ತು: ಅಬ್‌ಸ್ಟ್ರಕ್ಟಿವ್ ಅಪ್ನಿಯಾ 14, ಎರಡೂ ಬೆರೆತ ಮಿಶ್ರ 1, ಹೈಪೊಪ್ನಿಯಾ 41, ಸೆಂಟ್ರಲ್ ಅಪ್ನಿಯಾ 28. ಹೈಪೊಪ್ನಿಯಾ ಅಂದರೆ ಗಾಳಿ ಪೂರ್ತಿ ನಿಲ್ಲದೆ ಶೇ. 30ಕ್ಕಿಂತ ಹೆಚ್ಚು ಇಳಿದು, ಅದರ ಜೊತೆ ಆಕ್ಸಿಜನ್ ಶೇ. 3 ಇಳಿದಿರಬೇಕು ಅಥವಾ ಮೆದುಳು ಅರೆಎಚ್ಚರವಾಗಿರಬೇಕು. ಈ 41ರಲ್ಲೂ ಗೊರಕೆ, ಎಳೆತ ಎರಡೂ ಇದ್ದವು, ಅವೂ ಕಟ್ಟಿಕೊಂಡವೇ. ಹಾಗಾಗಿ ಮಿಶ್ರದ್ದೂ ಸೇರಿ ಕಟ್ಟಿಕೊಂಡವು ಒಟ್ಟು 56, ಗಂಟೆಗೆ 8. ಸೆಂಟ್ರಲ್ 28, ಗಂಟೆಗೆ 4.

ಮಕ್ಕಳ 1, 5, 10ರ ಅಳತೆ ಇರುವುದು ಈ 8ಕ್ಕೆ, 12ಕ್ಕಲ್ಲ. 8 ಅಂದರೆ ಮಧ್ಯಮ. ಡಾಕ್ಟರ್ ಹೇಳಿದ್ದು ಇಲ್ಲಿಂದ.

ಸೆಂಟ್ರಲ್ ಅನ್ನೋ ಭೂತ

ಆ 28 ಸೆಂಟ್ರಲ್‌ಗಳು ಮನೆಯವರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದವು. ಮೆದುಳು ಉಸಿರಾಡು ಅಂತ ಹೇಳುತ್ತಿಲ್ಲ ಅನ್ನೋ ವಾಕ್ಯ ಓದಿದರೆ ಯಾರಿಗಾದರೂ ಎದೆ ಝಲ್ ಅನ್ನುತ್ತೆ. ಸಂಬಂಧಿಕರೊಬ್ಬರು ತಲೆಯ ಎಂಆರ್‌ಐ ಮಾಡಿಸಿಬಿಡಿ ಅಂದಿದ್ದರು. ಎರಡು ವರ್ಷದ ಮಗುವಿಗೆ ಎಂಆರ್‌ಐ ಅಂದರೆ ಮತ್ತು ಬರಿಸಲೇಬೇಕು, ಅದೂ ಉಸಿರಿನ ತೊಂದರೆ ಇರುವ ಮಗುವಿಗೆ. ಸುಮ್ನೆ ಮಾಡಿಸುವ ಕೆಲಸವಲ್ಲ.

ದಾಖಲೆ ತೆಗೆದು ಆ 28ನ್ನೂ ಒಂದೊಂದಾಗಿ ನೋಡಿದೆ. ಮುಕ್ಕಾಲು ಪಾಲು ಒಂದೇ ರೀತಿ. ಮಗು ದೊಡ್ಡದೊಂದು ನಿಟ್ಟುಸಿರು ಬಿಡುತ್ತೆ ಅಥವಾ ಮಗ್ಗುಲು ಬದಲಿಸುತ್ತೆ, ಆಮೇಲೆ ಏಳೆಂಟು ಸೆಕೆಂಡ್ ಸುಮ್ಮನಿರುತ್ತೆ, ಆಮೇಲೆ ಮತ್ತೆ ಶುರು. ದೊಡ್ಡ ಉಸಿರಿಗೆ ಕಾರ್ಬನ್ ಡೈ ಆಕ್ಸೈಡ್ ಸ್ವಲ್ಪ ಜಾಸ್ತಿಯೇ ಹೊರಗೆ ಹೋಗಿರುತ್ತದೆ, ಅದು ಮತ್ತೆ ಏರುವವರೆಗೆ ಮೆದುಳಿಗೆ ಅವಸರವಿಲ್ಲ. ಆರೋಗ್ಯವಾಗಿರುವ ಮಕ್ಕಳಲ್ಲೂ ಇದು ಕಾಣುತ್ತದೆ. ಉಳಿದವು ಕನಸಿನ ನಿದ್ದೆಯಲ್ಲಿ, ಉಸಿರು ಹೇಗೂ ಏರುಪೇರಾಗಿರುವ ಹೊತ್ತಲ್ಲಿ. 20 ಸೆಕೆಂಡ್ ದಾಟಿದ್ದು ಒಂದೂ ಇಲ್ಲ. ಒಂದು ವರ್ಷ ದಾಟಿದ ಮಕ್ಕಳಲ್ಲಿ ಸೆಂಟ್ರಲ್ ಗಂಟೆಗೆ 5 ಮೀರಿದರೆ ಸಾಮಾನ್ಯವಾಗಿ ಮುಂದಿನ ತನಿಖೆ ಯೋಚಿಸುತ್ತಾರೆ, ಇಲ್ಲಿ 4. ನಡಿಗೆ, ಮಾತು, ನುಂಗುವುದು ಎಲ್ಲ ಸರಿ ಇತ್ತು. ಡಾಕ್ಟರ್ ಎಂಆರ್‌ಐ ಬೇಡ ಅಂದರು.

61 ಮತ್ತು 83

ಮೊದಲ ಪುಟದಲ್ಲೇ ಇನ್ನೊಂದು ಸಂಖ್ಯೆ ಇತ್ತು. ಅತಿ ಕಡಿಮೆ ಆಕ್ಸಿಜನ್ ಶೇ. 61. ‘ಮೇಡಂ, ಕೊರೋನಾ ಟೈಮಲ್ಲಿ 90ಕ್ಕೆ ಇಳಿದ್ರೆ ಆಸ್ಪತ್ರೆಗೆ ಓಡ್ತಿದ್ವಿ, ಇದು 61 ಅಲ್ವಾ’ ಅಂತ ಅಪ್ಪ ಕೇಳಿದರು. ನ್ಯಾಯವಾದ ಪ್ರಶ್ನೆ.

ಆ 61 ಇದ್ದ ಜಾಗಕ್ಕೆ ಹೋದೆ. ಬೆಳಗಿನ ಜಾವ 3.22. ಮಗು ಕಾಲು ಝಾಡಿಸಿದೆ, ಪ್ರೋಬ್ ಸಡಿಲವಾಗಿದೆ, ನಾಡಿಯ ಅಲೆ ಮುದ್ದೆಯಾಗಿದೆ. ಆಕ್ಸಿಜನ್ ಗೆರೆ 97ರಿಂದ ಒಂದೇ ಏಟಿಗೆ 61ಕ್ಕೆ ಬಿದ್ದು ಅಷ್ಟೇ ಬೇಗ ಮೇಲೆ ಬಂದಿದೆ. ನಿಜವಾದ ಇಳಿತ ಹಾಗಿರುವುದಿಲ್ಲ, ಉಸಿರು ನಿಂತ ಕೆಲವು ಸೆಕೆಂಡ್ ಆದ ಮೇಲೆ ಇಳಿಜಾರಿನಂತೆ ಇಳಿಯುತ್ತೆ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಂದರೆ ಅದೇ ಕ್ಷಣದಲ್ಲಿ ಪ್ರೋಬ್ ತೋರಿಸಿದ ನಾಡಿ 190, ಇಸಿಜಿ ತೋರಿಸಿದ ಹೃದಯ ಬಡಿತ 104. ಎರಡೂ ಒಂದೇ ಮಗುವಿನವು, ಎರಡೂ ಸರಿ ಇರೋಕೆ ಸಾಧ್ಯವಿಲ್ಲ. ಆ ತುಂಡನ್ನು ತೆಗೆದುಹಾಕಬೇಕಿತ್ತು, ಹಾಗೇ ಉಳಿದಿತ್ತು. ತೆಗೆದ ಮೇಲೆ ನಿಜವಾದ ಅತಿ ಕಡಿಮೆ ಮಟ್ಟ ಶೇ. 83.

83 ಅಂದರೂ ಸಣ್ಣದಲ್ಲ. ಚೆನ್ನಾಗಿ ಉಸಿರಾಡುವ ಮಗು ನಿದ್ದೆಯಲ್ಲಿ 92ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. 90ರ ಕೆಳಗೆ ಕಳೆದ ಒಟ್ಟು ಹೊತ್ತು ಎರಡು ನಿಮಿಷ ಚಿಲ್ಲರೆ, ನಿದ್ದೆಯ ಅರ್ಧ ಶೇಕಡಾ. ಇಳಿತಗಳು ಚುರುಕಾಗಿ ಬಂದು ಹೋಗಿವೆ, ಗಂಟೆಗಟ್ಟಲೆ ಕೆಳಗೇ ಕೂತಿಲ್ಲ. ಕಾರ್ಬನ್ ಡೈ ಆಕ್ಸೈಡ್ ಕೂಡ ಇದನ್ನೇ ಹೇಳಿತು. ಅತಿ ಹೆಚ್ಚು 52 (ಇದು ಶೇಕಡಾ ಅಲ್ಲ, ಮಿ.ಮೀ. ಪಾದರಸದ ಅಳತೆ), 50ರ ಮೇಲೆ ಇದ್ದದ್ದು ನಿದ್ದೆಯ ಶೇ. 6 ಹೊತ್ತು. ಶೇ. 25 ಮೀರಿದರೆ ಮಾತ್ರ ಗಾಳಿಯಾಟ ಒಟ್ಟಾರೆ ಕಡಿಮೆ ಅಂತ ಪರಿಗಣಿಸುತ್ತಾರೆ. ಅಷ್ಟಕ್ಕೆ ಆ ಪುಟ ಮುಗಿಯಿತು.

ಬೆಳಗಿನ ಜಾವದ ಲೆಕ್ಕ

ಇಡೀ ವರದಿಯಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಎಎಚ್‌ಐ ಅಲ್ಲ, ನಿದ್ದೆಯ ಹಂತಗಳ ಪ್ರಕಾರ ಅದನ್ನು ಒಡೆದು ತೋರಿಸಿದ ಸಾಲು. ರೆಮ್, ಅಂದರೆ ಕನಸಿನ ನಿದ್ದೆ, 105 ನಿಮಿಷ. ಕಟ್ಟಿಕೊಂಡ 56 ಘಟನೆಗಳಲ್ಲಿ 42 ಆ 105 ನಿಮಿಷದೊಳಗೇ. ಗಂಟೆಗೆ ಲೆಕ್ಕ ಹಾಕಿದರೆ 24. ಉಳಿದ ಐದೂಕಾಲು ಗಂಟೆಯ ನಿದ್ದೆಯಲ್ಲಿ ಬರೀ 14, ಗಂಟೆಗೆ ಮೂರಕ್ಕಿಂತ ಕಡಿಮೆ. 8 ಅನ್ನುವ ಸರಾಸರಿಯೊಳಗೆ ಒಂದು ಶಾಂತ ರಾತ್ರಿ ಮತ್ತು ಒಂದು ಕೆಟ್ಟ ರಾತ್ರಿ ಎರಡೂ ಕೂತಿದ್ದವು.

ರೆಮ್‌ನಲ್ಲಿ ಮೈಯ ಸ್ನಾಯುಗಳು ಸಡಿಲವಾಗುತ್ತವೆ, ಗಂಟಲನ್ನು ತೆರೆದಿಡುವ ಸ್ನಾಯುಗಳೂ ಸೇರಿ. ದಾರಿ ಮೊದಲೇ ಇಕ್ಕಟ್ಟಾಗಿದ್ದರೆ ಆ ಹೊತ್ತಲ್ಲಿ ಮುಚ್ಚಿಕೊಳ್ಳುತ್ತೆ. ರೆಮ್ ಹೆಚ್ಚಾಗಿ ಬರುವುದು ರಾತ್ರಿಯ ಕೊನೆಯ ಭಾಗದಲ್ಲಿ. ಈ ಮಗುವಿನ ಕೆಟ್ಟ ಗೊಂಚಲುಗಳು 4ರಿಂದ 6ರ ನಡುವೆ ಇದ್ದವು, 83 ಬಂದಿದ್ದೂ ಆಗಲೇ.

ಇದರಿಂದ ಒಂದು ಹಳೇ ಗೊಂದಲ ಬಗೆಹರಿಯಿತು. ಅಮ್ಮ ಮೊದಲ ಭೇಟಿಯಲ್ಲಿ ಡಾಕ್ಟರಿಗೆ ಮೊಬೈಲ್ ವಿಡಿಯೋ ತೋರಿಸಿದ್ದರು, ಅದರಲ್ಲಿ ಬರೀ ಗೊರಕೆ, ಉಸಿರು ಕಟ್ಟಿದ್ದು ಇಲ್ಲ. ವಿಡಿಯೋ ತೆಗೆದಿದ್ದು ರಾತ್ರಿ 10ಕ್ಕೆ, ಮಗು ಮಲಗಿದ ಸ್ವಲ್ಪ ಹೊತ್ತಿಗೆ. ಆಗ ಮಗು ಗಾಢ ನಿದ್ದೆಯಲ್ಲಿರುತ್ತೆ, ಉಸಿರು ತಕ್ಕಮಟ್ಟಿಗೆ ಸರಾಗ. ತೊಂದರೆ ಶುರುವಾಗುವ ಹೊತ್ತಿಗೆ ದುಡಿದು ದಣಿದ ಅಮ್ಮ ಗಾಢ ನಿದ್ದೆಯಲ್ಲಿ. ಡಾಕ್ಟರಿಗೆ ತೋರಿಸೋಕೆ ವಿಡಿಯೋ ತೆಗೆಯುವುದಾದರೆ ಬೆಳಗಿನ ಜಾವಕ್ಕೆ ಅಲಾರಂ ಇಟ್ಟು ತೆಗೆಯಿರಿ, ಎದೆ ಹೊಟ್ಟೆ ಕಾಣುವಂತೆ ಬಟ್ಟೆ ಮೇಲೆತ್ತಿ, ಸದ್ದೂ ಕೇಳುವಂತೆ.

ಎದೆ ಹೊಟ್ಟೆ ಎಂದಾಗ ಇನ್ನೊಂದು. ವರದಿಯಲ್ಲಿ ‘ಪ್ಯಾರಡಾಕ್ಸಿಕಲ್ ಬ್ರೀದಿಂಗ್’ ಅಂತ ಬರೆದಿತ್ತು, ಹೊಟ್ಟೆ ಉಬ್ಬುವಾಗ ಎದೆ ಒಳಗೆ ಹೋಗೋದು. ಮೂರು ವರ್ಷದೊಳಗಿನ ಮಕ್ಕಳ ಪಕ್ಕೆಲುಬು ಇನ್ನೂ ಮೆತ್ತಗಿರುವುದರಿಂದ ರೆಮ್ ನಿದ್ದೆಯಲ್ಲಿ ಇದು ಹಾಗೇ ಕಾಣಬಹುದು. ಈ ಮಗುವಿಗೆ ಬೇರೆ ಹಂತಗಳಲ್ಲೂ ಕಂಡಿತ್ತು, ಅದೂ ಗೊರಕೆಯ ಜೊತೆಗೇ. ಅಲ್ಲಿ ಅದಕ್ಕೆ ಬೆಲೆ ಇದೆ.

‘ನಿದ್ದೆಯ ರಚನೆ ಸಹಜ’ ಅಂತ ಬೇರೆ ಬರೆದಿದ್ದರು, ಗಾಢ ನಿದ್ದೆ ಶೇ. 30, ರೆಮ್ ಶೇ. 25. ಇದನ್ನು ಓದಿ ಅಜ್ಜಿ ಗೆದ್ದೆ ಅಂದುಕೊಂಡರು. ಆದರೆ ಮಕ್ಕಳು ಉಸಿರು ಕಟ್ಟಿದಾಗ ದೊಡ್ಡವರಷ್ಟು ಸುಲಭವಾಗಿ ಎಚ್ಚರಗೊಳ್ಳುವುದಿಲ್ಲ. ನಿದ್ದೆ ಮುರಿಯದೆಯೇ ತಡೆ ಮುಂದುವರಿಯುತ್ತದೆ. ಹಾಗಾಗಿ ಅವರ ನಿದ್ದೆಯ ಚಿತ್ರ ಚೆನ್ನಾಗೇ ಕಾಣುತ್ತೆ, ಆದರೆ ಉಸಿರು ಚೆನ್ನಾಗಿದೆ ಅಂತ ಅದರಿಂದ ಹೇಳೋಕೆ ಬರೋದಿಲ್ಲ.

ಕಾಲಿನ ಸಾಲು

ಯಾರೂ ಓದದ ಸಾಲು ಇದು. ಕಾಲು ಲಯಬದ್ಧವಾಗಿ ಎಳೆಯುವ ಲೆಕ್ಕ, ಗಂಟೆಗೆ 7. ಮಕ್ಕಳಲ್ಲಿ 5 ದಾಟಿದರೆ ಹೆಚ್ಚು. ಇಂಥ ಕಾಲಾಟಕ್ಕೆ ಕಬ್ಬಿಣಾಂಶದ ಕೊರತೆ ಒಂದು ಮುಖ್ಯ ಕಾರಣ. ನನ್ನ ಟಿಪ್ಪಣಿಯಲ್ಲಿ ಇದಕ್ಕೆ ಅಡಿಗೆರೆ ಹಾಕಿ ಕಳಿಸಿದೆ, ಡಾಕ್ಟರ್ ಫೆರಿಟಿನ್, ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ಹೇಳುವ ರಕ್ತ ಪರೀಕ್ಷೆ ಮಾಡಿಸಿದರು, 11 ಬಂತು. ನಿದ್ದೆಯ ತೊಂದರೆ ಇರುವ ಮಕ್ಕಳಲ್ಲಿ 50ರ ಮೇಲಿರಲಿ ಅಂತ ನೋಡುತ್ತಾರೆ. ದಿನಕ್ಕೆ ಹೋಗುತ್ತಿದ್ದ ಆ ಒಂದು ಲೀಟರ್ ಹಾಲು ನೆನಪಿದೆಯಾ? ಹಾಲಿನಲ್ಲಿ ಕಬ್ಬಿಣ ತೀರಾ ಕಡಿಮೆ, ಮೇಲಾಗಿ ಬೇರೆ ಆಹಾರದಿಂದ ಬರುವ ಕಬ್ಬಿಣ ಮೈಗೆ ಹತ್ತದ ಹಾಗೂ ಮಾಡುತ್ತೆ. ಸಿರಪ್ ಶುರುವಾಯಿತು, ಹಾಲಿನ ಜೊತೆ ಕೊಡಬೇಡಿ ಅಂತ ಹೇಳಿದರು, ಬಾಟಲಿ ನಿಧಾನಕ್ಕೆ ಬಿಡಿಸಿದರು. ಬಾಟಲಿ ಬಿಡಿಸುವುದೇ ಇಡೀ ಚಿಕಿತ್ಸೆಯಲ್ಲಿ ಕಷ್ಟದ ಭಾಗ ಆಗಿತ್ತು ಅಂತ ಅಮ್ಮ ಈಗಲೂ ಹೇಳುತ್ತಾರೆ.

ಆಪರೇಷನ್ ಬೇಕಾ?

ಇಎನ್‌ಟಿ ಡಾಕ್ಟರ್ ಮೂಗಿನೊಳಗೆ ಸಣ್ಣ ದುರ್ಬೀನು ಹಾಕಿ ನೋಡಿದರು. ಅಡಿನಾಯ್ಡ್, ಅಂದರೆ ಮೂಗಿನ ಹಿಂದೆ ಟಾನ್ಸಿಲ್ ಥರವೇ ಬೆಳೆಯುವ ಮಾಂಸದ ಗಡ್ಡೆ, ಮೂಗಿನ ಹಿಂಬಾಗಿಲನ್ನು ಮುಕ್ಕಾಲಿಗಿಂತ ಹೆಚ್ಚು ಮುಚ್ಚಿತ್ತು. ಟಾನ್ಸಿಲ್ ಎರಡನೇ ದರ್ಜೆ, ಅಂಥ ದೊಡ್ಡದೇನಲ್ಲ. ಎಕೋ ಮಾಡಿಸಿದರು, ಹೃದಯ ಸರಿ ಇತ್ತು.

ಅಪ್ಪ ಅಷ್ಟರಲ್ಲಿ ಇನ್ನಷ್ಟು ಓದಿದ್ದರು. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ, 464 ಮಕ್ಕಳದ್ದು, ಅವರಿಗೆ ಸಿಕ್ಕಿತ್ತು. ಆಪರೇಷನ್ ಮಾಡದೆ ಕಾದು ನೋಡಿದ ಮಕ್ಕಳಲ್ಲಿ ಶೇ. 46 ಮಂದಿಯ ನಿದ್ದೆ ವರದಿ ಏಳು ತಿಂಗಳಲ್ಲಿ ತಾನಾಗೇ ಸರಿಹೋಗಿತ್ತು, ಮಾಡಿಸಿದವರಲ್ಲಿ ಶೇ. 79. ‘ಅರ್ಧ ಮಕ್ಕಳಿಗೆ ಹಾಗೇ ಹೋಗುತ್ತಂತೆ, ಕಾಯಬಹುದಲ್ವಾ?’ ಓದಿದ್ದು ಸರಿಯಾಗೇ ಓದಿದ್ದಾರೆ. ಆದರೆ ಆ ಮಕ್ಕಳ ವಯಸ್ಸು 5ರಿಂದ 9, ಆಕ್ಸಿಜನ್ ತುಂಬಾ ಹೊತ್ತು ಕೆಳಗಿದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಎರಡು ವರ್ಷದ, ತೂಕ ಹಿಡಿಯದ, ರೆಮ್‌ನಲ್ಲಿ ಗಂಟೆಗೆ 24 ಸಲ ಉಸಿರು ಕಟ್ಟುವ ಮಗುವಿಗೆ ಆ ಅಂಕಿ ಹಾಕೋಕೆ ಬರಲ್ಲ. ಗಂಟೆಗೆ 2 ಇದ್ದು ತೂಕ ಚೆನ್ನಾಗಿದ್ದಿದ್ದರೆ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಕೊಟ್ಟು ಕೆಲವು ತಿಂಗಳು ಕಾಯುವುದು ಒಳ್ಳೆಯ ದಾರಿಯೇ ಆಗಿರುತ್ತಿತ್ತು.

ಡಾಕ್ಟರುಗಳು ನಿರ್ಧರಿಸಿದ್ದು ಹೀಗೆ: ಅಡಿನಾಯ್ಡ್ ಪೂರ್ತಿ, ಟಾನ್ಸಿಲ್ ಕವಚ ಉಳಿಸಿ ಒಳಗಿನ ಭಾಗ ಮಾತ್ರ. ಇಷ್ಟು ಚಿಕ್ಕ ಮಗುವಿಗೆ ಅಡಿನಾಯ್ಡ್ ಒಂದೇ ತೆಗೆದರೆ ಸಾಕು ಅನ್ನುವವರೂ ಇದ್ದಾರೆ, ಎರಡೂ ಕಡೆ ವಾದ ಇದೆ. ದಿನಾಂಕ ಸಿಗುವವರೆಗೆ ಸ್ಪ್ರೇ.

ನಿದ್ದೆ ವರದಿಯ ನಿಜವಾದ ಉಪಯೋಗ ಇಲ್ಲಿ ಬಂತು. ಮೂರು ವರ್ಷದೊಳಗಿನ ಮಕ್ಕಳು, ಇಲ್ಲವೇ ಎಎಚ್‌ಐ 10 ದಾಟಿದವರು, ಇಲ್ಲವೇ ಆಕ್ಸಿಜನ್ 80ಕ್ಕಿಂತ ಕೆಳಗೆ ಹೋದವರು, ಇವರನ್ನು ಆಪರೇಷನ್ ದಿನ ಸಂಜೆಯೇ ಮನೆಗೆ ಕಳಿಸಬಾರದು, ರಾತ್ರಿ ಆಸ್ಪತ್ರೆಯಲ್ಲೇ ಮಾನಿಟರ್ ಹಾಕಿ ನೋಡಬೇಕು ಅನ್ನುವುದು ಅಮೆರಿಕದ ಇಎನ್‌ಟಿ ವೈದ್ಯರ 2019ರ ಮಾರ್ಗಸೂಚಿ. ಕುಟುಂಬ ಮೊದಲು ನೋಡಿದ್ದ ಜಾಗದಲ್ಲಿ ಬೆಳಗ್ಗೆ ಬಂದು ಸಂಜೆ ಹೋಗುವ ಪ್ಯಾಕೇಜ್ ಇತ್ತು, ಖರ್ಚೂ ಕಡಿಮೆ. ಅದನ್ನು ಬಿಟ್ಟು ಮಕ್ಕಳ ಐಸಿಯು ಇರುವ ಕಡೆ ಹೋದರು. ಒಳ್ಳೆಯದೇ ಆಯಿತು. ಮೊದಲ ರಾತ್ರಿ ಗಂಟಲು ಊದಿಕೊಂಡು ಆಕ್ಸಿಜನ್ ಒಂದೆರಡು ಸಲ 88ಕ್ಕೆ ಇಳಿಯಿತು, ಮುಖದ ಹತ್ತಿರ ಆಕ್ಸಿಜನ್ ಹಿಡಿದು, ಮಗ್ಗುಲು ಮಾಡಿ ಮಲಗಿಸಿದ ಮೇಲೆ ಸರಿಯಾಯಿತು. ನೋವಿಗೆ ಪ್ಯಾರಾಸಿಟಮಾಲ್, ಐಬುಪ್ರೊಫೆನ್. ಅಫೀಮಿನ ಜಾತಿಯ ನೋವಿನ ಔಷಧಿ ಕೊಡೀನ್ ಬೇಡವೇ ಬೇಡ ಅಂತ ಕಾಗದದಲ್ಲೇ ಬರೆದಿದ್ದರು, ಟಾನ್ಸಿಲ್ ಆಪರೇಷನ್ ಆದ ಮಕ್ಕಳಲ್ಲಿ ಉಸಿರು ಕುಗ್ಗಿ ಸಾವುಗಳಾದ ಮೇಲೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಅದಕ್ಕೆ ಕಟ್ಟೆಚ್ಚರ ಹಾಕಿತು.

ಮನೆಗೆ ಬಂದ ಮೇಲೆ ಒಂದು ವಾರ ಕಷ್ಟ. ನೋವಿಗೆ ಮಗು ನೀರೇ ಕುಡಿಯಲ್ಲ, ಕುಡಿಯದಿದ್ದರೆ ಗಂಟಲು ಒಣಗಿ ನೋವು ಜಾಸ್ತಿ. ಔಷಧಿ ಕೊಟ್ಟ ಅರ್ಧ ಗಂಟೆಗೆ ತಣ್ಣಗಿನ ರಾಗಿ ಗಂಜಿ, ಚಮಚದಲ್ಲಿ, ಅಜ್ಜಿಯ ಕೈಯಲ್ಲೇ.

ಎರಡನೇ ವರದಿ

ಮೂರು ತಿಂಗಳು ದಾಟಿದ ಮೇಲೆ ಮತ್ತೆ ಪರೀಕ್ಷೆ. ಗೊರಕೆ ನಿಂತಿತ್ತಲ್ಲ, ಮತ್ತೆ ಯಾಕೆ ಅಂತ ಮನೆಯಲ್ಲಿ ಗೊಣಗಾಟ ಆಗಿತ್ತು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಆಪರೇಷನ್ ಆದವರಿಗೆ ತೊಂದರೆ ಸ್ವಲ್ಪ ಉಳಿಯುವ ಸಾಧ್ಯತೆ ಹೆಚ್ಚು, ಅದಕ್ಕೆ. ನಿದ್ದೆ 7.1 ಗಂಟೆ. ಕಟ್ಟಿಕೊಂಡವು 10, ಗಂಟೆಗೆ 1.4. ಸೆಂಟ್ರಲ್ 15, ಗಂಟೆಗೆ 2.1. ರೆಮ್‌ನಲ್ಲಿ 24 ಇದ್ದದ್ದು 4. ಅತಿ ಕಡಿಮೆ ಆಕ್ಸಿಜನ್ 91. ಕಾಲಿನ ಲೆಕ್ಕ 3. ತೂಕ ಅಷ್ಟರಲ್ಲಿ 11.9 ಕೆ.ಜಿ.

‘ಸೊನ್ನೆ ಬರಲಿಲ್ಲವಲ್ಲ ಮೇಡಂ?’ ಅಂತ ಅಪ್ಪ ಫೋನ್ ಮಾಡಿದರು. 1.4 ಅನ್ನೋದು ನಿಯಮದ ಪ್ರಕಾರ ಇನ್ನೂ ಸೌಮ್ಯ ಅಪ್ನಿಯಾ, ಪೂರ್ತಿ ಸಹಜ ಅಲ್ಲ. ಅದನ್ನು ಮುಚ್ಚಿಡಲಿಲ್ಲ. ಆದರೆ 1.4 ಮತ್ತು 0.9ರ ನಡುವೆ ಇರುವುದು ಇಡೀ ರಾತ್ರಿಗೆ ಮೂರು ನಾಲ್ಕು ಘಟನೆ, ಬೇರೊಂದು ರಾತ್ರಿ ಅಳೆದರೆ ಅಷ್ಟು ವ್ಯತ್ಯಾಸ ಹಾಗೇ ಬರಬಹುದು. ಡಾಕ್ಟರ್ ಈ ಸಂಖ್ಯೆಯ ಹಿಂದೆ ಓಡಲಿಲ್ಲ. ಮಗು ಬಾಯಿ ಮುಚ್ಚಿ ಮಲಗುತ್ತದೆ, ಬೆವರು ನಿಂತಿದೆ, ಅನ್ನ ಅಗಿದು ನುಂಗುತ್ತದೆ.

ಸ್ಪ್ರೇ ಇನ್ನೆರಡು ತಿಂಗಳು, ಕಬ್ಬಿಣದ ಸಿರಪ್ ಫೆರಿಟಿನ್ 50 ದಾಟುವವರೆಗೆ, ಮತ್ತೆ ರಕ್ತ ಪರೀಕ್ಷೆ. ಮೂರನೇ ನಿದ್ದೆ ಪರೀಕ್ಷೆ ಈಗ ಬೇಡ. ನೆಗಡಿ ಇಲ್ಲದೆಯೂ ವಾರದಲ್ಲಿ ಮೂರು ರಾತ್ರಿಗಿಂತ ಹೆಚ್ಚು ಗೊರಕೆ ಬಂದರೆ ಕಾಯದೆ ತೋರಿಸಬೇಕು, ಯಾಕಂದರೆ ಇಷ್ಟು ಚಿಕ್ಕ ಮಕ್ಕಳಲ್ಲಿ ತೆಗೆದ ಅಡಿನಾಯ್ಡ್ ಮತ್ತೆ ಬೆಳೆಯುವುದುಂಟು. ಇಲ್ಲವಾದರೆ ಮುಂದಿನ ಭೇಟಿ ಮಳೆಗಾಲ ಮುಗಿದ ಮೇಲೆ.